ಮೂರು ಕ್ಲಾಸು, ಒಂದು ಅಡುಗೆಮನೆ, ಆರು ಪೀರಿಯಡ್ಡು!

ಜುಲೈ ಬಂತು ಅಂದ್ರೆ ನಮ್ಮ ಕಡೆ ಮಕ್ಕಳು ಬೆಳಿಗ್ಗೆ ಎದ್ದು ಕೇಳೋ ಮೊದಲ ಪ್ರಶ್ನೆ, "ಡಿಸಿ ರಜೆ ಕೊಟ್ರಾ?" ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿಯವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ. ಬಾಬಾಬುಡನ್‌ಗಿರಿ ಮೋಡದೊಳಗೆ ಮಾಯವಾಗಿ ನಾಲ್ಕು ದಿನ ಆಗಿರುತ್ತೆ, ಹಳ್ಳದ ನೀರು ಕಾಲುಸಂಕಕ್ಕೆ ತಾಗ್ತಾ ಇರುತ್ತೆ. ರಜೆ ಕೊಡ್ತಾರೆ, ಕೊಡಲೇಬೇಕು. ಅದರ ಬಗ್ಗೆ ನಂದೇನೂ ತಕರಾರಿಲ್ಲ.

ನನ್ನ ತಕರಾರು ರಜೆಯ ಹಿಂದೆಯೇ ಬರೋ ಟೈಮ್ ಟೇಬಲ್ ಬಗ್ಗೆ. ಕೊಡೆ ಹಿಡ್ಕೊಂಡು ತೋಟದ ಮೇಲಿನ ಸಿಲ್ವರ್ ಮರದ ಹತ್ರ ಹೋಗಿ ನಿಂತು, ನೆಟ್‌ವರ್ಕ್ ಸಿಕ್ಕಿದ ಕೂಡಲೇ ಮೊಬೈಲಿಗೆ ಟಣ್ ಟಣ್ ಅಂತ ಮೂರು ಬೀಳುತ್ತೆ. ಯಾಕೆ ಮೂರು ಅಂದ್ರೆ ನಮ್ಮನೇಲಿ ಮೂರು ಮಕ್ಕಳು: ದೊಡ್ಡವಳು ಏಳನೇ ಕ್ಲಾಸು, ನಡುವಿನವನು ನಾಲ್ಕನೇದು, ಚಿಕ್ಕವಳು ಒಂದನೇದು. ಒಂಬತ್ತೂವರೆಗೆ ಒಬ್ಬಳಿಗೆ ಗಣಿತ, ಇನ್ನೊಬ್ಬನಿಗೆ ಇಂಗ್ಲಿಷು, ಮತ್ತೊಬ್ಬಳಿಗೆ ಕಾಗುಣಿತ. ಹತ್ತೂಕಾಲಿಗೆ ಮೂವರಿಗೂ ವಿಷಯ ಬದಲು. ಹೀಗೆ ದಿನಕ್ಕೆ ಆರು ಪೀರಿಯಡ್ಡು. ಮಾಡಿದ್ದರ ಫೋಟೋ ಬೇರೆ ಕಳಿಸಬೇಕು!

ಮೊದಲ ಸಲ ನಾನೂ ಶ್ರದ್ಧೆಯಿಂದ ಅದನ್ನ ಬರೆದು ಗೋಡೆಗೆ ಅಂಟಿಸಿದೆ. ಒಂಬತ್ತೂವರೆಗೆ ಮೂರೂ ಜನ "ಅಮ್ಮಾ" ಅಂದ್ರು. ಒಲೆ ಮೇಲೆ ಅಕ್ಕಿ ಬೇಯ್ತಾ ಇತ್ತು. ದೊಡ್ಡವಳು ಕಾದು ಕಾದು ಕಿಟಕಿ ನೋಡ್ತಾ ಕೂತಳು. ಚಿಕ್ಕವಳು ಸ್ಲೇಟಿನ ಮೇಲೆ ತಲೆ ಇಟ್ಟು ನಿದ್ದೆ. ಹನ್ನೊಂದು ಗಂಟೆ ಹೊತ್ತಿಗೆ ನಡುವಿನವನ ಬೆನ್ನಿಗೆ ಒಂದು ಬಿತ್ತು. ಅವನು ಮಾಡಿದ ತಪ್ಪೇನು ಗೊತ್ತಾ? ಭಾಗಾಕಾರ ಅರ್ಥ ಆಗ್ಲಿಲ್ಲ ಅಂತ ಮೂರನೇ ಸಲ ಕೇಳಿದ್ದು. ಆಮೇಲೆ ಅವನು ಆ ದಿನ ಇಡೀ ಏನೂ ಕೇಳಲಿಲ್ಲ. ಅದು ಇವತ್ತಿಗೂ ಚುಚ್ಚುತ್ತೆ ನನಗೆ.

ಅವತ್ತು ರಾತ್ರಿ ಯೋಚನೆ ಮಾಡಿದೆ. ತಪ್ಪು ಮಗುವಿನದ್ದಂತೂ ಅಲ್ಲ. ಹೊಡೆದದ್ದು ನನ್ನ ತಪ್ಪು, ಒಪ್ಕೋತೀನಿ. ಆದರೆ ಅಲ್ಲಿಗೆ ನನ್ನನ್ನ ತಳ್ಳಿದ್ದು ಆ ಟೈಮ್ ಟೇಬಲ್ಲು. ಅದು ಕ್ಲಾಸಿಗೊಂದು ಕೋಣೆ, ಕೋಣೆಗೊಬ್ಬ ಟೀಚರ್ ಇರೋ ಕಟ್ಟಡಕ್ಕೆ ಮಾಡಿದ ಲೆಕ್ಕ. ಅದನ್ನ ಒಬ್ಬ ಅಮ್ಮ, ಒಂದು ಅಡುಗೆಮನೆ ಇರೋ ಕಡೆ ತಂದು ಹೇರೋದು ಶಿಸ್ತು ಅಲ್ಲ, ಮೂರ್ಖತನ.

ಮೊದಲು ಗಂಟೆಗಳ ಲೆಕ್ಕ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ಕ್ಲಾಸಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ. ಅಂದ್ರೆ ದಿನಕ್ಕೆ ನಾಲ್ಕೇ ಗಂಟೆ. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ, ಹೆಚ್ಚುಕಮ್ಮಿ ನಾಲ್ಕೂವರೆ. ಅದೂ ಇಡೀ ಕ್ಲಾಸಿಗೆ ಸೇರಿಸಿ, ಹಾಜರಿ, ಗಲಾಟೆ ಎಲ್ಲ ಒಳಗೊಂಡು. ಮೂರೇ ಮಕ್ಕಳಿರೋ ಮನೆಯಲ್ಲಿ ಆರು ಪೀರಿಯಡ್ ಯಾವ ಸುಖಕ್ಕೆ?

ಇನ್ನು "ಬೇರೆ ಬೇರೆ ಕ್ಲಾಸಿನ ಮಕ್ಕಳನ್ನ ಒಟ್ಟಿಗೆ ಕೂರಿಸಿದ್ರೆ ಓದು ಹಾಳು" ಅನ್ನೋ ಮಾತು. ಅದೇ ಕಾಯ್ದೆ 60 ಮಕ್ಕಳವರೆಗಿನ, ಐದು ಕ್ಲಾಸಿನ ಶಾಲೆಗೆ ಇಬ್ಬರು ಶಿಕ್ಷಕರು ಅನ್ನುತ್ತೆ. ಐದು ಕ್ಲಾಸು, ಇಬ್ಬರು! ಅಂದ್ರೆ ಒಟ್ಟಿಗೆ ಕೂರಿಸಿ ಕಲಿಸೋದು ನಮ್ಮ ಮಲೆನಾಡಿನ ಪುಟ್ಟ ಶಾಲೆಗಳಲ್ಲಿ ದಿನನಿತ್ಯದ ಕೆಲಸ. ಅದಕ್ಕೆ ಒಂದು ಕ್ರಮವೂ ಇದೆ, ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದದ್ದು. ರಿಷಿವ್ಯಾಲಿಯವರು ತಮ್ಮ ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ಮಾಡ್ತಿದ್ದದ್ದನ್ನ ನೋಡಿ ಬಂದು ನಮ್ಮ ಸರ್ಕಾರಿ ಮೇಷ್ಟ್ರುಗಳೇ ಕಟ್ಟಿದ್ದು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

ನಲಿ-ಕಲಿ ಕೋಣೆಗೆ ಹೋಗಿ ನೋಡಿ. ಮೇಲೆ ಕಲಿಕಾ ಚಪ್ಪರ, ಗೋಡೆಗೆ ಕಲಿಕಾ ಏಣಿ, ನೆಲದ ಮೇಲೆ ಗುಂಪು ಗುಂಪಾಗಿ ಮಕ್ಕಳು. ಈ ಗುಂಪುಗಳಿಗೆ 'ತಟ್ಟೆ' ಅಂತಾರೆ. ಒಂದು ತಟ್ಟೆಗೆ ಶಿಕ್ಷಕರು ಪೂರ್ತಿ ಬೇಕು, ಇನ್ನೊಂದಕ್ಕೆ ಸ್ವಲ್ಪ ಸಾಕು, ಎರಡು ತಟ್ಟೆಗಳಲ್ಲಿ ಜೊತೆಯ ಮಕ್ಕಳ ಸಹಾಯ, ಕೊನೆಯದು ಸ್ವಂತ ಕಲಿಕೆ. ಯಾರು ಎಷ್ಟನೇ ಕ್ಲಾಸು ಅಂತಲ್ಲ, ಈಗ ಮಾಡೋ ಕೆಲಸಕ್ಕೆ ಯಾರ ಸಹಾಯ ಬೇಕು ಅನ್ನೋದರ ಮೇಲೆ ಮಗು ಎಲ್ಲಿ ಕೂರಬೇಕು ಅನ್ನೋದು ತೀರ್ಮಾನ ಆಗುತ್ತೆ. ನನಗೆ ಬೇಕಾಗಿದ್ದದ್ದು ಇದೊಂದೇ ಮಾತು!

ಇದೇನು ಹೊಸದೂ ಅಲ್ಲ. 1790ರ ದಶಕದಲ್ಲಿ ಮದ್ರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಅನ್ನೋ ಪಾದ್ರಿ, ಜಗಲಿ ಶಾಲೆಯ ಮಕ್ಕಳು ಮರಳಲ್ಲಿ ಅಕ್ಷರ ತಿದ್ದೋದನ್ನ ನೋಡಿ, ತಾನು ನೋಡಿಕೊಳ್ತಿದ್ದ ಅನಾಥಾಲಯದಲ್ಲಿ ದೊಡ್ಡ ಮಕ್ಕಳ ಕೈಲಿ ಚಿಕ್ಕವರಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಮಾಡಿಸಿದ. ಅಲ್ಲಿ ಅದಕ್ಕೆ 'ಮದ್ರಾಸ್ ಪದ್ಧತಿ' ಅಂತ ಹೆಸರು ಬಂತು. ನಾವು ಮಾತ್ರ ನಮ್ಮ ಜಗಲಿಯನ್ನ ಮರೆತು ಅವರ ಬೆಲ್ಲು ಹೊಡೀತಾ ಕೂತಿದ್ದೀವಿ.

ಈಗ ನಮ್ಮನೇಲಿ ಹೀಗೆ. ಬೆಳಿಗ್ಗೆ ಮೊದಲ ಪಾಠ ಮೂವರಿಗೂ ಒಂದೇ, ಅಂಗಳದ ರೈನ್‌ಗೇಜು. ಕಾಫಿ ತೋಟದ ಮನೆಗಳಲ್ಲಿ ಮಳೆ ಲೆಕ್ಕ ಇಂಚು-ಸೆಂಟ್ಸಲ್ಲಿ ಬರೆಯೋದು ನಿಮಗೆ ಗೊತ್ತೇ ಇದೆ. ಮೂರು ಇಂಚು ನಲವತ್ತೈದು ಸೆಂಟ್ಸ್ ಬಿದ್ದಿದೆ ಅನ್ನಿ. ಚಿಕ್ಕವಳು ಅಂಕಿ ಬರೆದು ನಿನ್ನೆಗಿಂತ ಜಾಸ್ತಿಯೋ ಕಮ್ಮಿಯೋ ಹೇಳ್ತಾಳೆ. ನಡುವಿನವನು ವಾರದ್ದು ಕೂಡ್ತಾನೆ. ದೊಡ್ಡವಳು 3.45ನ್ನ 25.4ರಿಂದ ಗುಣಿಸಿ 87.63 ಮಿಲಿಮೀಟರ್ ಅಂತ ತೆಗೀತಾಳೆ, ವಾರದ ಸರಾಸರಿನೂ ಅವಳದ್ದೇ. ಒಂದೇ ಪುಸ್ತಕ, ಒಂದೇ ಮಳೆ, ಮೂರು ಕ್ಲಾಸಿನ ಗಣಿತ.

ಆಮೇಲೆ ನನ್ನ ಸಮಯ. ಒಬ್ಬೊಬ್ಬರಿಗೆ ಅರ್ಧ ಗಂಟೆ, ಬರೀ ಹೊಸ ಪಾಠಕ್ಕೆ. ನಾನು ಒಬ್ಬರ ಹತ್ರ ಇದ್ದಾಗ ಉಳಿದಿಬ್ಬರು ತಮಗೆ ಬರೋದನ್ನೇ ಮಾಡ್ತಿರಬೇಕು: ಕಾಪಿ ಬರೆಯೋದು, ಮಗ್ಗಿ, ಗೊತ್ತಿರೋ ಲೆಕ್ಕ. ಗೊತ್ತಾಗದಿದ್ದರೆ ಅಲ್ಲಿ ಗುರುತು ಹಾಕಿ ಮುಂದೆ ಹೋಗಬೇಕು. ಮೊದಲು ಚಿಕ್ಕವಳ ಸರದಿ, ಅವಳಿಗೆ ಕಾಯೋ ತಾಳ್ಮೆ ಇಲ್ಲ. ಊಟ ಆದ ಮೇಲೆ ಮೂವರಿಗೂ ಸೇರಿಸಿ ಒಂದು ಪುಸ್ತಕ ಗಟ್ಟಿಯಾಗಿ ಓದೋದು. ಹೋದ ಮಳೆಗಾಲದಲ್ಲಿ ತೇಜಸ್ವಿಯವರ 'ಕರ್ವಾಲೋ' ಓದಿದ್ವಿ. ಚಿಕ್ಕವಳಿಗೆ ಕಿವಿ ನಾಯಿ ಸಾಕು, ದೊಡ್ಡವಳಿಗೆ ಹಾರುವ ಓತಿಯ ಹಿಂದಿನ ಪ್ರಶ್ನೆಗಳು. ಒಂದೂವರೆ ಗಂಟೆ ನನ್ನದು, ಉಳಿದದ್ದು ಅವರದ್ದು. ಮುಗೀತು.

"ದೊಡ್ಡ ಹುಡುಗಿಯನ್ನ ಪುಕ್ಕಟೆ ಟೀಚರ್ ಮಾಡ್ತೀರ ಅಲ್ವಾ?" ಅಂತ ಕೇಳಿದವರಿದ್ದಾರೆ. ಒಳ್ಳೇ ಪ್ರಶ್ನೆ, ಮುಚ್ಚಿಡಲ್ಲ. ತೋಟದ ಲೈನ್ ಮನೆಗಳಲ್ಲಿ ತಮ್ಮ ತಂಗಿಯನ್ನ ನೋಡ್ಕೊಳ್ಳೋಕೆ ಅಂತ ಶಾಲೆ ಬಿಟ್ಟ ಅಕ್ಕಂದಿರನ್ನ ನಾನು ನೋಡಿದ್ದೀನಿ. ಅದಕ್ಕೇ ನಮ್ಮಲ್ಲಿ ನಿಯಮ: ಅವಳು ಹೇಳಿಕೊಡೋದು ದಿನಕ್ಕೆ ಇಪ್ಪತ್ತು ನಿಮಿಷ, ಒಂದು ನಿಮಿಷ ಹೆಚ್ಚಿಲ್ಲ. ಅವಳ ಅರ್ಧ ಗಂಟೆಯನ್ನ ಯಾರೂ ಮುಟ್ಟೋ ಹಾಗಿಲ್ಲ, ಒಲೆ ಮೇಲೆ ಹಾಲು ಉಕ್ಕಿದ್ರೂ ಸರಿ. ತಮ್ಮನಿಗೂ ತಂಗಿಗೆ ಹೇಳಿಕೊಡೋ ಪಾಳಿ ಇದೆ. ಹೆಣ್ಣುಮಕ್ಕಳ ಮೇಲೇ ಎಲ್ಲ ಹೊರಿಸೋದಾದ್ರೆ ಈ ಪದ್ಧತಿಯೂ ಬೇಡ, ಏನೂ ಬೇಡ.

"ಹಾಗಾದ್ರೆ ಏಕೋಪಾಧ್ಯಾಯ ಶಾಲೆ ಸಾಕು ಅಂತೀರಾ?" ಅಲ್ಲ ಸ್ವಾಮಿ! ಒಬ್ಬರೇ ಮೇಷ್ಟ್ರು ಪಾಠ, ಬಿಸಿಯೂಟ, ರಿಜಿಸ್ಟರು ಎಲ್ಲ ನೋಡೋದು ಅನ್ಯಾಯ. ಕಾಯ್ದೆ ಹೇಳಿದಷ್ಟು ಜನರನ್ನ ಕೊಡಲೇಬೇಕು. ಆದರೆ "ಎರಡು ಕ್ಲಾಸಿಗೆ ಒಬ್ಬರೇ" ಅಂತ ಊರ ಶಾಲೆ ಬಿಡಿಸಿ, ಮಳೆಯಲ್ಲಿ ಇಪ್ಪತ್ತು ಕಿಲೋಮೀಟರ್ ವ್ಯಾನಿನಲ್ಲಿ ಮಕ್ಕಳನ್ನ ಕಳಿಸೋ ಮೊದಲು ಆ ಕೋಣೆಯಲ್ಲಿ ಒಂದು ಗಂಟೆ ಕೂತು ನೋಡಿ. ಕೊರೋನಾ ಕಾಲದಲ್ಲಿ, 2020ರ ಆಗಸ್ಟಿನಲ್ಲಿ, ಸರ್ಕಾರವೇ ವಿದ್ಯಾಗಮ ಅಂತ ಮಾಡಿ ಊರ ಜಗಲಿ, ಮರದಡಿಗಳಲ್ಲಿ ಬೇರೆ ಬೇರೆ ಕ್ಲಾಸಿನ ಮಕ್ಕಳನ್ನ ಸೇರಿಸಿ ಕೂರಿಸಿತ್ತು. ಅಕ್ಟೋಬರಿನಲ್ಲಿ ಅದು ನಿಂತಿತು, ನಾವು ಮತ್ತೆ ಮೊಬೈಲಿಗೆ ಜೋತುಬಿದ್ವಿ.

ಕೊನೆಗೆ ಟೀಚರ್‌ಗಳಲ್ಲಿ ಒಂದು ಬೇಡಿಕೆ. ಮಳೆ ರಜೆಗೆ ನಮಗೆ ಟೈಮ್ ಟೇಬಲ್ ಬೇಡ. ಜೂನ್ ಕೊನೆಯಲ್ಲೇ, ಕರೆಂಟು ಹೋಗೋ ಮೊದಲು, ಮಗುವಿನ ಬ್ಯಾಗಲ್ಲಿ ಒಂದು ಚೀಟಿ ಹಾಕಿ ಕಳಿಸಿ. ಒಂದು ಪಕ್ಕದಲ್ಲಿ ದೊಡ್ಡವರು ಕೂತು ಹೇಳಿಕೊಡಬೇಕಾದ್ದು, ಮೂರೋ ನಾಲ್ಕೋ. ಇನ್ನೊಂದು ಪಕ್ಕದಲ್ಲಿ ಮಗು ತಾನೇ ಮಾಡಿಕೊಳ್ಳಬಹುದಾದ್ದು. ಅಷ್ಟು ಸಾಕು. ಯಾವ ಗಂಟೆಗೆ ಯಾವುದು ಅನ್ನೋದನ್ನ ನಮ್ಮ ಒಲೆ, ನಮ್ಮ ಮಳೆ ನೋಡಿಕೊಂಡು ನಾವೇ ತೀರ್ಮಾನ ಮಾಡ್ತೀವಿ.

ನಡುವಿನವನಿಗೆ ಭಾಗಾಕಾರ ಬಂತಾ ಅಂತ ಕೇಳ್ತೀರೇನೋ. ಬಂತು, ನಾಲ್ಕನೇ ಸಲ ಕೇಳಿದಾಗ. ಹೇಳಿಕೊಟ್ಟದ್ದು ಅವನ ಅಕ್ಕ.