ಯಾವ ಪವರ್, ಸಾ?

ಇಂಗ್ಲಿಷಿನಿಂದ ಬಂದ ಒಂದು ಪುಟ್ಟ ಪದ ನಮ್ಮ ಸೀಮೆಯಲ್ಲಿ ಮನೆಮಗನಂತೆ ಓಡಾಡಿಕೊಂಡಿದೆ. ಅದು ‘ಪವರ್’. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಅದರ ನಾಲ್ಕಾರು ಅವತಾರಗಳ ದರ್ಶನವಾಗುತ್ತದೆ. ‘ಪವರ್ ಇಲ್ಲ ಕಣಪ್ಪ, ಮಿಲ್ಲು ನಿಂತದ’ ಎಂದು ರಾಗಿ ಚೀಲ ಹಿಡಿದವರೊಬ್ಬರು. ‘ಆ ಡಾಕ್ಟ್ರು ಕೊಡೋ ಮಾತ್ರೆ ಭಾರಿ ಪವರ್ರು’ ಎಂದು ಇನ್ನೊಬ್ಬರು. ‘ಈಗ ಅವರ ಪಾರ್ಟಿಗೆ ಪವರ್ ಬಂದದ, ಮಾತಾಡ್ಸೋಕೆ ಆದದಾ?’ ಎಂದು ಮತ್ತೊಬ್ಬರು. ಬೆಟ್ಟಕ್ಕೆ ಹೊರಟವರ ಬಾಯಲ್ಲಿ ಮಾದಪ್ಪನ ಪವರ್. ಹೊರಗಿನವರಿಗೆ ನಮ್ಮ ಊರಿನ ಹೆಸರು ಹೇಳಿದರಂತೂ ಮುಗಿಯಿತು, ‘ನಿಮ್ಮೂರ ಮಂತ್ರಕ್ಕೆ ಪವರ್ ಜಾಸ್ತಿಯಂತಲ್ಲ’ ಎಂದು ಅರ್ಧ ನಗೆ, ಅರ್ಧ ಭಯದಿಂದ ನೋಡುತ್ತಾರೆ!

ಈ ಪದದ ಮೂಲ ಹುಡುಕುತ್ತ ಹೋದರೆ ಹಳೆಯ ಫ್ರೆಂಚ್ ದಾಟಿ ಲ್ಯಾಟಿನ್ ತಲುಪುತ್ತೇವೆ. ಅಲ್ಲಿ ಅದರ ಅರ್ಥ ಬಹಳ ಸರಳ: ‘ಆಗುವುದು’. ‘ನನ್ನ ಕೈಲಾಗುತ್ತದೆ’ ಎನ್ನುತ್ತೇವಲ್ಲ, ಆ ಆಗುವಿಕೆ. ಕೈಲಾಗುವುದು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಪದವೂ ಹೋಗಿ ಕುಳಿತಿತು.

ಶಾಲೆಯಲ್ಲಿ ನಾವು ಮೇಷ್ಟರುಗಳು ಅದನ್ನು ಹಂಚಿಕೊಂಡಿದ್ದೇವೆ. ಗಣಿತದ ಪೀರಿಯಡ್ಡಿನಲ್ಲಿ ಪವರ್ ಎಂದರೆ ಘಾತ. ಸಮಾಜ ವಿಜ್ಞಾನದಲ್ಲಿ ಅಧಿಕಾರ. ನನ್ನ ವಿಜ್ಞಾನದ ಪೀರಿಯಡ್ಡಿಗೆ ಬಂದಾಗ ಅದು ಸಾಮರ್ಥ್ಯ. ಶಕ್ತಿ ಬೇರೆ, ಸಾಮರ್ಥ್ಯ ಬೇರೆ ಎಂದು ಎಷ್ಟು ಗಂಟಲು ಹರಿದುಕೊಂಡರೂ ಮಕ್ಕಳು ಎರಡನ್ನೂ ಕಲಸಿ ಮುದ್ದೆ ಮಾಡುತ್ತಾರೆ. ಒಂದು ಮೂಟೆ ರಾಗಿಯನ್ನು ಇಬ್ಬರು ಒಂದೇ ಅಟ್ಟಕ್ಕೆ ಏರಿಸಿದರು ಎನ್ನಿ. ಮೂಟೆಯ ಮೇಲೆ ಇಬ್ಬರೂ ಮಾಡಿದ ಕೆಲಸ ಸಮ. ಆದರೆ ಒಬ್ಬ ಒಂದು ನಿಮಿಷದಲ್ಲಿ, ಇನ್ನೊಬ್ಬ ಎರಡು ನಿಮಿಷದಲ್ಲಿ ಏರಿಸಿದರೆ ಮೊದಲನೆಯವನ ಸಾಮರ್ಥ್ಯ ಎರಡರಷ್ಟು. ಬಾವಿಯ ಮೋಟಾರಿನ ಮೇಲೆ ಬರೆದಿರುವ ‘ಎಚ್‌ಪಿ’ಯೂ ಇದೇ. ಜೇಮ್ಸ್ ವಾಟ್ ತನ್ನ ಹಬೆ ಯಂತ್ರವನ್ನು ಕುದುರೆಯ ದುಡಿಮೆಗೆ ಹೋಲಿಸಿದ ಲೆಕ್ಕ ಅದು. ಒಂದು ಎಚ್‌ಪಿ ಎಂದರೆ ಸುಮಾರು 746 ವಾಟ್. ಕುದುರೆಯನ್ನೇ ಕಾಣದ ಹಳ್ಳಿಯಲ್ಲೂ ಐದು ಕುದುರೆಗಳು ಬಾವಿಗೆ ಇಳಿದಿವೆ!

ಪವರ್ ಎಂದರೆ ಕರೆಂಟು ಎನ್ನುವ ಅರ್ಥಕ್ಕೆ ನಮ್ಮ ಬಾಗಿಲಲ್ಲೇ ಒಂದು ಇತಿಹಾಸವಿದೆ. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ತಯಾರಾದ ವಿದ್ಯುತ್ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಆಗ ನಮ್ಮ ಕೊಳ್ಳೇಗಾಲ ಮೈಸೂರಿಗೆ ಸೇರಿರಲೇ ಇಲ್ಲ, ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಈ ಕಡೆಗೆ ಬಂದದ್ದು 1956ರಲ್ಲಿ. ಭರಚುಕ್ಕಿಯ ಭೋರ್ಗರೆತ ನಮಗೆ, ಪವರ್ ಊರಾಚೆಗೆ ಎಂದು ಹಿರಿಯರು ತಮಾಷೆ ಮಾಡಿದರೆ ತಪ್ಪೇನಿಲ್ಲ.

ಇಷ್ಟೂ ನಕ್ಕು ಮರೆಯುವ ಮಾತಾಯಿತು. ಆದರೆ ಈ ಪದದ ಇನ್ನೊಂದು ಅರ್ಥ ಒಬ್ಬ ಹುಡುಗಿಯ ಓದಿಗೇ ಅಡ್ಡ ಕುಳಿತದ್ದನ್ನು ಕಣ್ಣಾರೆ ಕಂಡಿದ್ದೇನೆ.

ಹನೂರು ಕಡೆಯ ಹುಡುಗಿ, ಒಂಬತ್ತನೇ ತರಗತಿ, ಹಿಂದಿನ ಬೆಂಚು. ಬೋರ್ಡಿನ ಮೇಲೆ ಲೆಕ್ಕ ಕೊಟ್ಟರೆ ಅವಳ ಉತ್ತರ ಸದಾ ತಪ್ಪು. ನಾನು ತಿಂಗಳುಗಟ್ಟಲೆ ಕೆಂಪು ಶಾಯಿಯಲ್ಲಿ ಗೀಟು ಎಳೆದೆ. ಒಂದು ದಿನ ಮಾತ್ರ ತಾಳ್ಮೆಯಿಂದ ಪುಟ ನೋಡಿದೆ. ಸೂತ್ರ ಸರಿ, ಹಂತ ಸರಿ, ಗುಣಾಕಾರವೂ ಸರಿ. ತಪ್ಪಿದ್ದು ಇಳಿಸಿಕೊಂಡ ಅಂಕಿಯಲ್ಲಿ. ನಾನು ಬರೆದ 3 ಅವಳ ಪುಸ್ತಕದಲ್ಲಿ 8 ಆಗಿತ್ತು. ‘ಬೋರ್ಡು ಕಾಣುತ್ತೇನಮ್ಮ?’ ಎಂದೆ. ‘ಮಂಜು ಮಂಜಾಗಿ ಕಾಣ್ತದ ಸಾ’ ಎಂದಳು. ಅಷ್ಟು ದಿನ ಸೊನ್ನೆ ಹಾಕಿದ ಕೈ ನನ್ನದೇ. ನಾಚಿಕೆಯಾಯಿತು.

ತಂದೆಯನ್ನು ಕರೆಸಿದೆ. ಅವರಿಗೆ ವಿಷಯ ಮೊದಲೇ ಗೊತ್ತಿತ್ತು! ‘ಕಣ್ಣು ಚೆಕ್ ಮಾಡ್ಸಿದ್ದೊ ಸಾ. ಪವರ್ ಮೈನಸ್ ಎರಡು ಅಂದ್ರು. ಕನ್ನಡಕ ಹಾಕ್ಬುಟ್ರ ಪವರ್ ಏರ್ತಾನೇ ಹೋಯ್ತದಂತ. ಹಾಕ್ದೆ ಬುಟ್ರ ಅಲ್ಲೇ ನಿಂತದ ಅಂತ ಸುಮ್ಕಾದೊ. ಹೆಣ್ಣುಡ್ಗಿ ಬೇರೆ’ ಎಂದರು. ಸ್ವಲ್ಪ ತಡೆದು, ‘ಅಲ್ಲ ಸಾ, ಪವರ್ ಜಾಸ್ತಿಯಾದ್ರ ಕಣ್ಣು ಚೆನ್ನಾಗಾಗ್ಬೇಕಲ್ವಾ?’ ಎಂದೂ ಕೇಳಿದರು.

ನ್ಯಾಯವಾದ ಪ್ರಶ್ನೆ. ಮಾತ್ರೆಗೆ, ಮೋಟಾರಿಗೆ, ಮಂತ್ರಿಗೆ ಪವರ್ ಹೆಚ್ಚಾದರೆ ಬಲ ಹೆಚ್ಚಿತು ಎಂದು ಅರ್ಥ. ಕಣ್ಣಿನ ವಿಚಾರದಲ್ಲಿ ಮಾತ್ರ ಪವರ್ ಹೆಚ್ಚಿತು ಎಂದರೆ ಮನೆಯವರು ಗಾಬರಿಯಾಗುತ್ತಾರೆ. ಏಕೆಂದರೆ ಆ ಪವರ್ ಕಣ್ಣಿನದಲ್ಲ, ಗಾಜಿನದು. ಬೆಳಕನ್ನು ಮಸೂರ ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ ಅದು. ಮಾನದ ಹೆಸರು ಡಯಾಪ್ಟರ್. ದೂರದ ವಸ್ತುವಿನ ಬಿಂಬ ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಬೀಳುವವರಿಗೆ, ನಡುವೆ ತೆಳ್ಳಗೆ, ಅಂಚಿನಲ್ಲಿ ದಪ್ಪಗಿರುವ ನಿಮ್ನ ಮಸೂರ ಬೇಕು. ಮೈನಸ್ ಚಿಹ್ನೆ ಹೇಳುವುದು ಅದನ್ನೇ. ಕಡಿಮೆ ಎಂದಲ್ಲ.

ಇನ್ನು ಏರುವ ಮಾತು. ಮಕ್ಕಳು ಬೆಳೆಯುವಾಗ ಕೆಲವರ ಕಣ್ಣುಗುಡ್ಡೆಯೂ ಅಗತ್ಯಕ್ಕಿಂತ ಉದ್ದಕ್ಕೆ ಬೆಳೆಯುತ್ತದೆ. ಅದಕ್ಕೆ ತಕ್ಕಂತೆ ಗಾಜನ್ನು ಬದಲಿಸಬೇಕಾಗುತ್ತದೆ. ಕನ್ನಡಕ ಹಾಕದಿದ್ದರೆ ಆ ಬೆಳವಣಿಗೆ ನಿಲ್ಲುವುದಿಲ್ಲ, ಬೋರ್ಡು ಮಾತ್ರ ಕಾಣುವುದಿಲ್ಲ. ಇದನ್ನು ಅವರಿಗೆ ಹೇಗೆ ಹೇಳುವುದು? ‘ಹೋದ ವರ್ಷ ಮಗಳಿಗೆ ಎಷ್ಟನೇ ಸೈಜಿನ ಅಂಗಿ ತಂದಿರಿ?’ ಎಂದೆ. ‘ಇಪ್ಪತ್ತೆಂಟು.’ ‘ಈ ವರ್ಷ?’ ‘ಮೂವತ್ತು.’ ‘ಅಂಗಿ ಹಾಕಿದ್ದಕ್ಕೇ ಮಗಳು ಬೆಳೆದಳು, ಹಾಕದಿದ್ದರೆ ಬೆಳೀತಿರಲಿಲ್ಲ ಅನ್ನುತ್ತೀರಾ ಯಜಮಾನ್ರೇ?’ ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನಕ್ಕರು. ‘ಇದ ಯಾರೂ ಹೇಳ್ನಿಲ್ಲ ಸಾ’ ಎಂದರು.

ಹದಿನೈದು ದಿನಕ್ಕೆ ಹುಡುಗಿ ಕನ್ನಡಕ ಹಾಕಿಕೊಂಡು ಬಂದಳು. ಗಂಡು ಹುಡುಗರು ‘ಪವರ್ ಬಂತು, ಪವರ್ ಬಂತು’ ಎಂದು ಕಿಚಾಯಿಸಿದರು. ನಾನು ಅದನ್ನೇ ಆ ದಿನದ ಪಾಠ ಮಾಡಿದೆ. ಒಂದನ್ನು ಮೀಟರಿನಲ್ಲಿರುವ ಸಂಗಮ ದೂರದಿಂದ ಭಾಗಿಸಿದರೆ ಮಸೂರದ ಸಾಮರ್ಥ್ಯ ಎಂದು ಬೋರ್ಡಿನ ಮೇಲೆ ಬರೆದು, ಮೈನಸ್ 2 ಇದ್ದರೆ ಸಂಗಮ ದೂರ ಎಷ್ಟು ಎಂದು ಕೇಳಿದೆ. ಅಷ್ಟರಲ್ಲಿ ಇನ್ನೊಂದು ಪವರ್ ಹೋಗಿ ಫ್ಯಾನು ನಿಂತಿತು. ಗಲಾಟೆಯ ನಡುವೆ ಹಿಂದಿನ ಬೆಂಚಿನಿಂದ ಉತ್ತರ ಬಂತು: ‘ಐವತ್ತು ಸೆಂಟಿಮೀಟರ್, ಮೈನಸ್ ಚಿಹ್ನೆ ಹಾಕ್ಬೇಕು ಸಾ.’

ಪುಸ್ತಕ ತರಿಸಿ ನೋಡಿದೆ. ಅಂಕಿಗಳೆಲ್ಲ ಸರಿಯಾಗಿ ಇಳಿದಿದ್ದವು.