ದುರ್ಬೀನು ಬೇಡ, ಗುರಿ ಇದ್ದರೆ ಸಾಕು

ಅಟ್ಟ ಹತ್ತಿ ನೋಡಿದರೆ ನಮ್ಮಲ್ಲಿ ಪ್ರತಿಯೊಬ್ಬರ ಮನೆಯಲ್ಲೂ ಒಂದೊಂದು ಹಳೇ ಕಥೆ ಸಿಗುತ್ತದೆ. ಒಬ್ಬರ ಮನೆಯಲ್ಲಿ ಶ್ರುತಿಪೆಟ್ಟಿಗೆ, ಇನ್ನೊಬ್ಬರ ಮನೆಯಲ್ಲಿ ಗೆಜ್ಜೆ, ಮತ್ತೊಬ್ಬರ ಮನೆಯಲ್ಲಿ ಥ್ರೋಬಾಲ್ ಕಪ್ಪು. ಹೋದ ವರ್ಷ ಯುಗಾದಿಗೆ ಮನೆ ಒರೆಸುವಾಗ ನನ್ನ ಕೈಗೆ ಸಿಕ್ಕಿದ್ದು ಎನ್‌ಸಿಸಿ ಟೋಪಿ ಮತ್ತು ಶೂಟಿಂಗ್‌ನಲ್ಲಿ ಗೆದ್ದಿದ್ದ ಒಂದು ಪುಟ್ಟ ಪದಕ. ಬಿ.ಎ. ಓದುವಾಗ ನೆಲದ ಮೇಲೆ ಬೋರಲು ಮಲಗಿ, .22 ರೈಫಲ್ ಹಿಡಿದು, 25 ಗಜ ದೂರದ ಗುರಿಗೆ ಹೊಡೆಯುತ್ತಿದ್ದ ಹುಡುಗಿ ನಾನೇನಾ ಅನ್ನಿಸಿತು.

"ಮತ್ತೆ ಶುರು ಮಾಡ್ತೀನಿ" ಅಂದೆ. "ಏನೇ, ಈ ವಯಸ್ಸಲ್ಲಿ ಕೋವಿ ಹಿಡೀತೀಯಾ?" ಅಂತ ಅತ್ತೆ ಬಾಯಿ ಮೇಲೆ ಕೈಯಿಟ್ಟರು. ಪೀಣ್ಯದ ಮೆಷಿನ್ ಶಾಪಿನಲ್ಲಿ ಕೆಲಸ ಮಾಡುವ ನಮ್ಮವರು ಮಾತ್ರ, "ಹಿಡೀಲಿ ಬಿಡಮ್ಮ" ಅಂದರು. ಅಷ್ಟೇ ಸಾಕಾಯಿತು. ಚೀಟಿ ದುಡ್ಡು ತೆಗೆದುಕೊಂಡು ಸೀದಾ ಅಂಗಡಿಗೆ ಹೋದೆ. ಒಂದು ಸ್ಪ್ರಿಂಗ್ ಏರ್ ರೈಫಲ್, ಅದರ ಮೇಲೊಂದು ದುರ್ಬೀನು, ಅಂದರೆ ಸ್ಕೋಪು. "ದೂರದ್ದೆಲ್ಲ ಹತ್ರ ಕಾಣುತ್ತೆ ಮೇಡಂ" ಅಂದ ಅಂಗಡಿಯವನ ಮಾತಿಗೆ ಮರುಳಾಗಿ ಎರಡನ್ನೂ ಹೊತ್ತು ತಂದೆ.

ನಾನು ಮಾಡಿದ ಈ ತಪ್ಪನ್ನು ನೀವು ಮಾಡಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಸ್ಕೋಪು ಯಾಕೆ ಬೇಡ?

ಕ್ಲಬ್ಬಿನ ರೇಂಜಿನಲ್ಲಿ ಗುರಿ ಇರುವುದು 10 ಮೀಟರ್ ದೂರದಲ್ಲಿ. ನನ್ನ ಸ್ಕೋಪಿನೊಳಗೆ ಇಣುಕಿದರೆ ಎಲ್ಲ ಮಂಜು ಮಂಜು! ಇಂಥ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜದ ಆಸುಪಾಸಿನ ದೂರಕ್ಕೆ ಹೊಂದಿಸಿರುತ್ತಾರೆ, ಹತ್ತಿರದ್ದು ಅದರಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಸಾಲದ್ದಕ್ಕೆ ಸ್ಪ್ರಿಂಗ್ ರೈಫಲ್ ಗುಂಡು ಹಾರಿಸುವಾಗ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಒದೆಯುತ್ತದೆ. ಆ ಒದೆತ ತಡೆಯುವಂತೆ ಮಾಡಿರದ ಸ್ಕೋಪು ಬೇಗ ಕೆಡುತ್ತದೆ. ನನ್ನದು ತಿಂಗಳೊಳಗೆ ಅಲುಗಾಡತೊಡಗಿತು. ಅಲ್ಲಿದ್ದ ಕೋಚ್ ನಕ್ಕು, "ಮೊದಲು ಅದನ್ನ ಬಿಚ್ಚಿಡಿ ಮೇಡಂ, ಸ್ಪರ್ಧೇಲಿ ಅದಕ್ಕೆ ಜಾಗಾನೇ ಇಲ್ಲ" ಅಂದರು.

ನಿಜ ಕಣ್ರೀ. ಒಲಿಂಪಿಕ್ಸ್‌ನಲ್ಲಿ ನಾವು ಟಿ.ವಿ.ಯಲ್ಲಿ ನೋಡುವ 10 ಮೀಟರ್, 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ಬಂದೂಕಿನ ಮೇಲೆ ದುರ್ಬೀನು ಕೂಡಿಸುವಂತಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು, 2024ರಲ್ಲಿ ಪ್ಯಾರಿಸ್ ಕ್ರೀಡಾಕೂಟದಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್‌ನಲ್ಲಿ ಕಂಚು ಗೆದ್ದದ್ದು, ಎರಡೂ ದುರ್ಬೀನಿಲ್ಲದ ರೈಫಲಿನಲ್ಲೇ. ಹಿಂದೆ ಒಂದು ಸಣ್ಣ ತೂತು, ಮುಂದೆ ಒಂದು ಉಂಗುರ, ಅದರಾಚೆ ಗುರಿಯ ಕಪ್ಪು ಬೊಟ್ಟು. ತೂತಿನ ನಡುವೆ ಉಂಗುರ, ಉಂಗುರದ ನಡುವೆ ಬೊಟ್ಟು ಬಂದರೆ ಸರಿ. ಇದಕ್ಕೆ ಪೀಪ್ ಸೈಟ್ ಅನ್ನುತ್ತಾರೆ. 50 ಮೀಟರ್‌ನಲ್ಲಿ ಕಾಗದದ ಗುರಿ ಇದ್ದರೆ ಗುಂಡು ಎಲ್ಲಿ ಬಿತ್ತು ಅಂತ ನೋಡಲು ಪಕ್ಕದಲ್ಲೊಂದು ದುರ್ಬೀನು ಬೇಕಾಗಬಹುದು. ಆದರೆ ಅದು ಸ್ಟ್ಯಾಂಡಿನ ಮೇಲೆ ಕೂತಿರುತ್ತದೆ, ಬಂದೂಕಿನ ಮೇಲಲ್ಲ. ಸ್ಕೋಪು ಬಳಸುವ ಬೇರೆ ಬಗೆಯ ಸ್ಪರ್ಧೆಗಳೂ ಇವೆ. ಆದರೆ ಮೊದಲು ನೀವು ಯಾವ ಆಟ ಆಡುತ್ತೀರಿ ಅಂತ ನಿರ್ಧಾರವಾಗಲಿ, ಸಾಮಾನು ಆಮೇಲೆ.

ಸ್ಕೋಪಿಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪವನ್ನು ಕಣ್ಣಿನ ಡಾಕ್ಟರಿಗೆ ಕೊಡಿ. ಚಾಳೀಸು ಹತ್ತಿರ ಬಂದಾಗ ಮೊದಲು ಕೈಕೊಡುವುದು ಹತ್ತಿರದ ನೋಟ. ಶೂಟಿಂಗ್‌ನಲ್ಲಿ ಕಣ್ಣು ನೆಡಬೇಕಾದ್ದು ದೂರದ ಗುರಿಯ ಮೇಲಲ್ಲ, ನಳಿಗೆಯ ತುದಿಯ ಉಂಗುರದ ಮೇಲೆ. ಗುರಿ ಒಂಚೂರು ಮಬ್ಬಾಗಿ ಕಂಡರೂ ನಡೆಯುತ್ತದೆ, ಉಂಗುರ ಮಾತ್ರ ಮಬ್ಬಾಗಬಾರದು. ಕಣ್ಣಿನಿಂದ ನಳಿಗೆಯ ತುದಿಗೆ ಎಷ್ಟು ದೂರ ಅಂತ ಟೇಪು ಹಿಡಿದು ಅಳೆದುಕೊಂಡು ಹೋಗಿ ಡಾಕ್ಟರಿಗೆ ಹೇಳಿ. ನನ್ನ ಅರ್ಧ ಸಮಸ್ಯೆ ಬಗೆಹರಿದದ್ದು ಒಂದು ಕನ್ನಡಕದಿಂದ!

ಬಂದೂಕಿಗಿಂತ ಮೊದಲು ಮೈ

10 ಮೀಟರ್ ಗುರಿಯ ಮಧ್ಯದ ಹತ್ತರ ಬೊಟ್ಟು ಎಷ್ಟು ದೊಡ್ಡದು ಗೊತ್ತಾ? ಅಡ್ಡಳತೆ ಬರೀ ಅರ್ಧ ಮಿಲಿಮೀಟರ್. ಗುಂಡುಪಿನ್ನಿನ ತಲೆಗಿಂತಲೂ ಚಿಕ್ಕದು. ನಮ್ಮವರಿಗೆ ಹೇಳಿದಾಗ "ಇದು ನಮ್ಮ ಟೂಲ್‌ರೂಮ್ ಲೆಕ್ಕ ಕಣೇ" ಅಂದರು. ಎನ್‌ಸಿಸಿಯಲ್ಲಿ ಮಲಗಿ ಹೊಡೆದಿದ್ದೆ, ಇಲ್ಲಿ ನಿಂತೇ ಹೊಡೆಯಬೇಕು. ರೈಫಲ್ 5.5 ಕೆಜಿವರೆಗೂ ಇರಬಹುದು. ಐದು ಕೆಜಿ ಅಕ್ಕಿ ಚೀಲ ಎತ್ತಿ ಹಿಡಿದು, ಉಸಿರು ತಡೆದು ನಿಂತುಕೊಳ್ಳಿ ನೋಡೋಣ! ಸ್ಪರ್ಧೆಯಲ್ಲಿ 2017ರವರೆಗೆ ಹೆಂಗಸರಿಗೆ 40 ಗುಂಡು ಇತ್ತು. 2018ರಿಂದ ಗಂಡಸರ ಹಾಗೆ ನಮಗೂ 60. ಒಂದೂಕಾಲು ಗಂಟೆಯ ಆಟ.

ಎರಡು ಹೆರಿಗೆ ಆದ ಸೊಂಟ, ನೀರಿನ ಕ್ಯಾನು ಎತ್ತಿ ಸೋತ ಭುಜ ಇದಕ್ಕೆ ಒಂದೇ ದಿನದಲ್ಲಿ ತಯಾರಾಗುವುದಿಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ. ಮೊದಲ ಆರು ತಿಂಗಳು ಬಂದೂಕು ಕೊಳ್ಳಲೇಬೇಡಿ. ಕ್ಲಬ್ಬಿನ ರೈಫಲಿನಲ್ಲೇ ಅಭ್ಯಾಸ ಮಾಡಿ. ದುಡ್ಡನ್ನು ರೇಂಜ್ ಫೀಸು, ಪೆಲೆಟ್ಟು ಮತ್ತು ಒಂದು ಶೂಟಿಂಗ್ ಜಾಕೆಟ್ಟಿಗೆ ಇಡಿ. ಜಾಕೆಟ್ ಮಾತ್ರ ನಿಮ್ಮ ಅಳತೆಗೇ ಹೊಲಿಸಿ. ಬೆನ್ನಿಗೂ ಸೊಂಟಕ್ಕೂ ಆಸರೆ ಕೊಡುವುದು ಅದೇ, ಬೇರೆಯವರದ್ದು ಹಾಕಿಕೊಂಡರೆ ಪ್ರಯೋಜನವಿಲ್ಲ.

ಇನ್ನೊಂದು ಮಾತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯವರಿಗೆ ಊರಾಚೆಯ ದೊಡ್ಡ ರೇಂಜಿಗೆ ಹೋಗಿ ಬರುವಷ್ಟರಲ್ಲಿ ಮಕ್ಕಳ ಸ್ಕೂಲ್ ಬಸ್ಸು ಗೇಟಿಗೆ ಬಂದಿರುತ್ತದೆ. ಕನಸು 50 ಮೀಟರ್‌ದೇ ಇರಲಿ, ಶುರು ಮಾತ್ರ ಮನೆಗೆ ಹತ್ತಿರದ 10 ಮೀಟರ್ ರೇಂಜಿನಲ್ಲಿ ಆಗಲಿ. ವಾರಕ್ಕೆ ಮೂರು ಸಲ ಹೋಗಲಾಗದ ರೇಂಜು ಎಷ್ಟು ದೊಡ್ಡದಾದರೇನು?

ಕೊಳ್ಳುವ ದಿನ ಬಂದಾಗ

ಆರು ತಿಂಗಳಾದ ಮೇಲೂ ಉತ್ಸಾಹ ಇದೆ ಅನ್ನಿ. ಆಗ ನೋಡಿ. ಸ್ಪರ್ಧೆಗೆ ಸ್ಪ್ರಿಂಗಿನದಲ್ಲ, ಒತ್ತಿದ ಗಾಳಿಯ ಸಿಲಿಂಡರ್ ಇರುವ ರೈಫಲ್ ಒಳ್ಳೆಯದು, ಅದು ಒದೆಯುವುದು ತೀರಾ ಕಡಿಮೆ. ವಾಲ್ಥರ್, ಫೈನ್‌ವರ್ಕ್‌ಬೌ, ಆನ್‌ಶುಟ್ಜ್, ಸ್ಟೈಯರ್ ಎಲ್ಲವೂ ಹೊರದೇಶದ್ದು, ಹೊಸದಾದರೆ ಲಕ್ಷದ ಮಾತು. ಹೆಸರು ನೋಡಿ ಮಾರುಹೋಗಬೇಡಿ. ಭುಜಕ್ಕೆ ಆನಿಸುವ ಹಿಂಬದಿ, ಕೆನ್ನೆ ಇಡುವ ಜಾಗ, ಎರಡೂ ನಿಮ್ಮ ಮೈಗೆ ಹೊಂದಿಸಲು ಬರುತ್ತದಾ ನೋಡಿ. ಗಂಡಸರ ಅಳತೆಗೆ ಹೊಂದಿಸಿಟ್ಟ ರೈಫಲ್ ಹಿಡಿದು ಕತ್ತು ನೋಯಿಸಿಕೊಂಡು, "ನನ್ನ ಕೈಲಾಗಲ್ಲ" ಅಂತ ಬಿಟ್ಟವರನ್ನು ನೋಡಿದ್ದೇನೆ. ತಪ್ಪು ಅವರದ್ದಲ್ಲ, ಅಳತೆಯದ್ದು.

ಕ್ಲಬ್ಬಿನಲ್ಲಿ ಬಿಡುವವರಿಂದ ಸೆಕೆಂಡ್ ಹ್ಯಾಂಡ್ ಸಿಕ್ಕರೆ ತೆಗೆದುಕೊಳ್ಳಬಹುದು. ಆದರೆ ಗಾಳಿ ಸಿಲಿಂಡರಿನ ಮೇಲಿನ ತಾರೀಕು ನೋಡಲೇಬೇಕು. ಅದರ ಆಯಸ್ಸು ಹೆಚ್ಚೆಂದರೆ 10 ವರ್ಷ. ನಮ್ಮ ಗ್ಯಾಸ್ ಸಿಲಿಂಡರ್ ತಾರೀಕು ನೋಡುವ ಹಾಗೇ ಅನ್ನಿ.

ಕಾನೂನೂ ತಿಳಿದಿರಲಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಮೀರದ .177 ಏರ್ ರೈಫಲಿಗೆ ಪರವಾನಗಿ ಬೇಡ. ಸ್ಪರ್ಧೆಯ 10 ಮೀಟರ್ ರೈಫಲಿನ ಶಕ್ತಿ ಇದಕ್ಕಿಂತ ಎಷ್ಟೋ ಕಡಿಮೆ. 50 ಮೀಟರಿನ .22 ಮಾತ್ರ ನಿಜವಾದ ಬಂದೂಕು, ಅದಕ್ಕೆ ಪರವಾನಗಿ ಬೇಕೇ ಬೇಕು. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆಂದು ಅದನ್ನು ಕೇಳಲು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಅವಕಾಶವಿದೆ. ಅಂದರೆ ಮೊದಲು ಸದಸ್ಯತ್ವ, ಆಮೇಲೆ ಪರವಾನಗಿ, ಕೊನೆಗೆ ಬಂದೂಕು. ಮನೆಗೆ ತಂದ ಮೇಲೆ ಅದು ಏರ್ ರೈಫಲೇ ಆಗಲಿ, ಬೀಗದೊಳಗಿರಲಿ. ಪೆಲೆಟ್ಟು ಬೇರೆ ಕಡೆ ಇರಲಿ. ಆಟಿಕೆ ಅಂದುಕೊಂಡು ಮಗು ಮುಟ್ಟಿದರೆ ಕಣ್ಣೇ ಹೋದೀತು. ಈ ಎಚ್ಚರ ಇಲ್ಲದವರು ರೇಂಜಿನಲ್ಲೇ ಬಿಟ್ಟು ಬರುವುದು ವಾಸಿ.

"ನಿನಗ್ಯಾಕೆ ಇದೆಲ್ಲ?"

ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಇಲ್ಲಿದೆ. ಅಂಜಲಿ ಭಾಗವತ್ ಶೂಟಿಂಗ್‌ಗೆ ಬಂದದ್ದು ಎನ್‌ಸಿಸಿಯಿಂದಲೇ. ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರಲ್ಲಿ ಕ್ವಾಲಾಲಂಪುರದಲ್ಲಿ 400ಕ್ಕೆ 400 ಹೊಡೆದವರು. ಕೊಲ್ಲಾಪುರದ ತೇಜಸ್ವಿನಿ ಸಾವಂತ್ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಾಗ ಅವರ ವಯಸ್ಸು 37. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಪಿ.ಎನ್. ಪ್ರಕಾಶ್ ಕೆನಡಾದಿಂದ ವಾಪಸ್ ಬಂದು ಮತ್ತೆ ಪಿಸ್ತೂಲು ಹಿಡಿದು, 2014ರ ಗ್ಲಾಸ್ಗೋ ಕೂಟದಲ್ಲಿ ಬೆಳ್ಳಿ ಗೆದ್ದರು. ಕೊಡಗಿನಲ್ಲಂತೂ ಕೈಲ್ ಪೊಳ್ದ್ ಹಬ್ಬದಲ್ಲಿ ಹೆಂಗಸರು ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ, ಯಾರೂ ಬಾಯಿ ಮೇಲೆ ಕೈಯಿಡುವುದಿಲ್ಲ.

ನಾವೆಲ್ಲ ಪದಕ ಗೆಲ್ಲಲೇಬೇಕು ಅಂತೇನಿಲ್ಲ. ಆದರೆ ಒಂದು ಮಾತು ಸತ್ಯ. ಗೃಹಿಣಿ ತನಗಾಗಿ ದುಡ್ಡು ಹಾಕಿದ ಸಾಮಾನು ಮೂಲೆ ಸೇರಿದರೆ ಮನೆಯಲ್ಲಿ ಎಲ್ಲರೂ ಅದನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. ಮುಂದೆ ನಾವು ಏನೇ ಕೇಳಿದರೂ "ಆ ಬಂದೂಕಿನ ಹಾಗೇ ಆಗುತ್ತೆ" ಅನ್ನುತ್ತಾರೆ. ಗಂಡಸರು ಕೊಂಡು ಮೂಲೆಗಿಟ್ಟ ಟ್ರೆಡ್‌ಮಿಲ್ಲಿಗೆ ಈ ಶಿಕ್ಷೆ ಇಲ್ಲ! ಆ ಸ್ಕೋಪು ಕೈಕೊಟ್ಟಾಗ ನಾನೂ ಎಲ್ಲ ಬಿಟ್ಟುಬಿಡುವುದರಲ್ಲಿದ್ದೆ. ಚೀಟಿ ದುಡ್ಡು ಹೋಯಿತಲ್ಲ ಅಂತ ಎರಡು ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ನಿಧಾನವಾಗಿ ಕೊಳ್ಳಿ. ಜಿಪುಣತನಕ್ಕಲ್ಲ, ವಾಪಸ್ ಬಂದ ಹೆಜ್ಜೆ ಮತ್ತೆ ಹಿಂದಕ್ಕೆ ಹೋಗದಿರಲಿ ಅಂತ.

ಈಗ ವಾರಕ್ಕೆ ಮೂರು ಮಧ್ಯಾಹ್ನ ಕ್ಲಬ್ಬಿನ ರೈಫಲ್ ನನ್ನದು. ಮೊನ್ನೆ ಹತ್ತು ಗುಂಡಿನಲ್ಲಿ ಒಂದು ಹತ್ತರ ಬೊಟ್ಟಿಗೆ ಬಿತ್ತು. ಆ ಕಾಗದದ ಗುರಿ ಮನೆಗೆ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಬಂದವರಿಗೆಲ್ಲ ಅದನ್ನು ತೋರಿಸುವುದು ಯಾರು ಗೊತ್ತಾ? ನಮ್ಮ ಅತ್ತೆ!

ನಿಮ್ಮ ಅಟ್ಟದ ಮೇಲೆ ಏನಿದೆ, ಇವತ್ತೇ ಹತ್ತಿ ನೋಡಿ.