ಠಾಣೆಯಿಂದ ಸೋರಿದ ಒಂದು ಪದ

ಪತ್ತೇದಾರಿ ಕಾದಂಬರಿ ಎಂದರೆ ನಮಗೆ ನೆನಪಾಗುವುದು ಎಲ್ಲೂ ಎಡವದ ಜಾಣ ಪತ್ತೇದಾರ. ಸ್ವೀಡನ್ನಿನ ಹೆನ್ನಿಂಗ್ ಮಾಂಕೆಲ್ ಸೃಷ್ಟಿಸಿದ ಪೊಲೀಸ್ ಅಧಿಕಾರಿ ಕರ್ಟ್ ವಲಾಂಡರ್ ಹಾಗಲ್ಲ. 1991ರಲ್ಲಿ ಬಂದ, ಇಂಗ್ಲಿಷಿನಲ್ಲಿ ‘ಫೇಸ್‌ಲೆಸ್ ಕಿಲ್ಲರ್ಸ್’ ಎಂಬ ಹೆಸರಿನ ಕಾದಂಬರಿ ಈ ಸರಣಿಯ ಮೊದಲನೆಯದು. ಅದರಲ್ಲಿ ವಲಾಂಡರ್‌ನ ಹೆಂಡತಿ ಬಿಟ್ಟುಹೋಗಿದ್ದಾಳೆ, ಮಗಳು ದೂರವಾಗಿದ್ದಾಳೆ, ಅಪ್ಪನಿಗೆ ಅರಳುಮರಳು ಶುರುವಾಗಿದೆ. ಒಂದು ರಾತ್ರಿ ಕುಡಿದು ಕಾರು ಓಡಿಸಿ ತನ್ನ ಕೈಕೆಳಗಿನ ಪೊಲೀಸರಿಗೇ ಸಿಕ್ಕಿಬೀಳುತ್ತಾನೆ. ಅವರು ಕೇಸು ಹಾಕದೆ ಮನೆಗೆ ಬಿಟ್ಟುಬರುತ್ತಾರೆ.

‘ಪಾಪ, ಅವನೂ ನಮ್ಮಂಥ ಮನುಷ್ಯ’ ಎಂದು ಓದುಗರು ಅವನನ್ನು ಮೆಚ್ಚುತ್ತಾರೆ. ನಮಗೆ ಮಾತ್ರ ಆ ಕೇಸು ಹಾಕಬೇಕಿತ್ತು ಅನ್ನಿಸುತ್ತದೆ. ಆದರೆ ಕಾದಂಬರಿಯ ದೊಡ್ಡ ಅನಾಹುತ ಅವನ ಕುಡಿತದಿಂದ ಆದದ್ದಲ್ಲ.

ಕಥೆ ನಡೆಯುವುದು 1990ರಲ್ಲಿ, ಇಸ್ಟಾಡ್ ಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ಜನವರಿಯ ಚಳಿಯಲ್ಲಿ ವಯಸ್ಸಾದ ರೈತ ದಂಪತಿಯ ಮೇಲೆ ಭೀಕರ ಹಲ್ಲೆಯಾಗುತ್ತದೆ. ಗಂಡ ಮನೆಯಲ್ಲೇ ಸಾಯುತ್ತಾನೆ. ಆಸ್ಪತ್ರೆಯಲ್ಲಿ ಪ್ರಾಣ ಬಿಡುವ ಮುಂಚೆ ಹೆಂಡತಿ ಹೇಳುವ ಮಾತು: ‘ವಿದೇಶಿ’. ಇದು ಹೊರಗೆ ಹೋದರೆ ಏನಾಗುತ್ತದೆಂದು ವಲಾಂಡರ್‌ಗೆ ಗೊತ್ತು. ಗುಟ್ಟಾಗಿಡಲು ನೋಡುತ್ತಾನೆ. ಆದರೂ ಪದ ಸೋರಿ ಟಿವಿಯಲ್ಲಿ ಬರುತ್ತದೆ. ನಿರಾಶ್ರಿತರ ಶಿಬಿರಕ್ಕೆ ಬೆಂಕಿ ಬೀಳುತ್ತದೆ. ಸೊಮಾಲಿಯಾದಿಂದ ಬಂದಿದ್ದ ಒಬ್ಬ ನಿರಾಶ್ರಿತನನ್ನು ಗುಂಡಿಟ್ಟು ಕೊಲ್ಲುತ್ತಾರೆ.

ದಂಪತಿಯನ್ನು ಕೊಂದವರು ಯಾರೆಂದು ನಾವಿಲ್ಲಿ ಹೇಳುವುದಿಲ್ಲ. ಓದುವ ಕುತೂಹಲ ಹಾಳಾಗುತ್ತದೆ. ಅವರು ಯಾರೇ ಆಗಿರಲಿ, ಈ ಬಡಪಾಯಿಗೂ ಆ ಕೊಲೆಗೂ ಸಂಬಂಧವಿರಲಿಲ್ಲ. ಪದ ನಿಜವೋ ಸುಳ್ಳೋ ಎಂಬುದಷ್ಟೇ ಪ್ರಶ್ನೆಯಲ್ಲ. ಅರ್ಧ ಗೊತ್ತಿರುವ ನಿಜವೂ ಜನರ ಜೀವ ತೆಗೆಯಬಲ್ಲದು.

ಜಿಲ್ಲೆಯಿಂದ ಸುದ್ದಿ ಕಳಿಸುವ ನಮ್ಮಂಥವರು ಈ ಕಾದಂಬರಿ ಓದಲೇಬೇಕು. ಕೊಲೆಯಾದ ದಿನ ಠಾಣೆ ಬಾಗಿಲಲ್ಲಿ ಯಾರೋ ಕಿವಿಯಲ್ಲಿ ಹೇಳುತ್ತಾರೆ: ‘ಹೊರಗಿನವರು ಕಣ್ರೀ’, ‘ಇಂಥ ಜಾತಿಯವರಂತೆ’. ಮೊದಲು ಸುದ್ದಿ ಕೊಟ್ಟವರಿಗೆ ಶಹಭಾಸ್ ಸಿಗುತ್ತದೆ. ಆದರೆ ದೂರಿನಲ್ಲಿ ಏನಿದೆ, ಹೇಳಿದವರು ಹೆಸರು ಕೊಟ್ಟು ಹೇಳಲು ಸಿದ್ಧರಿದ್ದಾರಾ ಎಂದು ಕೇಳದೆ ಅಂಥ ಮಾತನ್ನು ಬರೆಯಬಾರದು.

ಓದುಗರಿಗೂ ಒಂದು ಮಾತು. ಊರಿನ ಗುಂಪಿನಲ್ಲಿ ‘ಅವರೇ ಮಾಡಿದ್ದಂತೆ’ ಎಂಬ ಮೆಸೇಜು ಬಂದರೆ ಫಾರ್ವರ್ಡ್ ಒತ್ತಬೇಡಿ. ಕೊಲೆಗಾರರನ್ನು ಹುಡುಕಲು ವಲಾಂಡರ್‌ಗೇ ತಿಂಗಳುಗಟ್ಟಲೆ ಬೇಕಾಯಿತು. ನಾವು ನೀವು ಒಂದು ದಿನವಾದರೂ ಕಾಯಬಹುದು.